ಒಂದು ಇಟ್ಟಿಗೆ ಎತ್ತರದ ಮನೆ

ಊರಿಗಾಂ
12 ಜೂನ್ 2023

ರೀ,

ನೀವು ಒಡಿಶಾಕ್ಕೆ ಹೋಗಿ ಇವತ್ತಿಗೆ ನಲವತ್ತು ದಿನ. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಕೂಡಿಸಿದರೂ ಒಂದು ಪುಟ ತುಂಬುವುದಿಲ್ಲ. ನಾನು ಹಲೋ ಅನ್ನುವಷ್ಟರಲ್ಲಿ ಪ್ರೇರಣಾ ಫೋನ್ ಕಿತ್ತುಕೊಳ್ಳುತ್ತಾಳೆ, ಅವಳ ಕೈಯಿಂದ ಅತ್ತೆ ಕಿತ್ತುಕೊಳ್ಳುತ್ತಾರೆ, ಅಷ್ಟರಲ್ಲಿ ನಿಮ್ಮ ಕಲ್ಲಿದ್ದಲ ಗಣಿಯ ಸಿಗ್ನಲ್ ಮಾಯ. ಅದಕ್ಕೇ ಈ ಕಾಗದ. ಭಾನುವಾರದ ಫೋನು ಅಜ್ಜಿ ಮೊಮ್ಮಗಳದು, ಅಂಚೆ ನನ್ನದು. ಇದು ನನ್ನ ಕಾಯಿದೆ. ಕಾರ್ಖಾನೆಯವರು ಡಂಪರ್ ರಿಪೇರಿಗೆಂದು ಎರಡು ವರ್ಷ ನಿಮ್ಮನ್ನು ಕರೆದುಕೊಂಡು ಹೋಗಿದ್ದಾರೆ, ನಮ್ಮ ಮಾತನ್ನೂ ನಾನು ಅವರಿಗೆ ಕೊಟ್ಟು ಕಳಿಸಿಲ್ಲವಲ್ಲ.

ಶನಿವಾರ ಪ್ರೇರಣಾಳನ್ನು ಕರೆದುಕೊಂಡು ರೈಲಿನಲ್ಲಿ ಬಂಗಾರಪೇಟೆಗೆ ಹೋಗಿದ್ದೆ, ಅಮ್ಮ ನನಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಸೈಟು ನೋಡಲು. ಮೂವತ್ತು ನಲವತ್ತು ಎಂದರೆ ಕಾಗದದ ಮೇಲೆ ಎಷ್ಟು ಚಿಕ್ಕದು! ಅಲ್ಲಿ ಒಂದು ಕಲ್ಲಿನ ಮೇಲೆ ಕುಳಿತರೆ ಮೈದಾನದ ಹಾಗೆ ಕಾಣುತ್ತದೆ. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಮನೆ ಗೀಚಿದೆವು. ಅಡುಗೆಮನೆಯ ಕಿಟಕಿ ರೈಲಿನ ಕಡೆಗೆ. ಅತ್ತೆಗೆ ಬಾಗಿಲ ಪಕ್ಕ ಜಗಲಿ. ನಾನು ಆಚೆಗೆ ಹೋಗೋಣವೆಂದು ಗೆರೆ ದಾಟಿದೆ. ನಿಮ್ಮ ಮಗಳು ಗದರಿದಳು: “ಅಮ್ಮಾ, ಅಲ್ ಗೋಡೆ ಐತೆ! ಗೋಡೆ ದಾಟ್ಕಂಡ್ ಯಾರಾನಾ ಬತ್ತಾರಾ? ಬಾಗ್ಲಾಗ್ ಬಾ!” ಹಿಂದಕ್ಕೆ ಹೋಗಿ, ಸುತ್ತಿಕೊಂಡು, ಬಾಗಿಲಿಂದ ಬಂದೆ. ಸಂಜೆ ಬಿಸಿಲು ಮನೆಯೊಳಗೆಲ್ಲ ಬಿದ್ದಿತ್ತು.

ಇನ್ನೊಂದು ವಿಷಯ. ನೀವು ಬಿಟ್ಟುಹೋದ ಕಾರ್ಡಿನಲ್ಲಿ ಮೊನ್ನೆ ಮನೆ ಖರ್ಚಿಗೆ ದುಡ್ಡು ತೆಗೆದೆ. ಮೊದಲ ಸಲ ಚೀಟಿಯನ್ನು ಬಿಸಾಡದೆ ಓದಿದೆ. ಓದಿ ಎಟಿಎಂ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ನನ್ನಿಂದ ಏನು ಮುಚ್ಚಿಟ್ಟಿದ್ದೀರಿ ಎಂದು ಗೊತ್ತಾಯಿತು. ನಾನು ಕೇಳುವುದಿಲ್ಲ, ಹೇಳಬೇಕೆನಿಸಿದ ದಿನ ನೀವೇ ಹೇಳಿ. ಕೋಪವಂತೂ ಇಲ್ಲ. ಚೀಟಿಯನ್ನು ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದೇನೆ.

ನಿಮ್ಮ
ಅರುಣ

*

ಗಣಿ ಶಿಬಿರ, ಒಡಿಶಾ
24 ಜೂನ್ 2023
(ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡದ್ದು)

ಅರುಣಾ,

ನಿನಗೆ ಗೊತ್ತಾಯಿತೆಂದು ಓದಿದವನೇ ಬರೆಯಲು ಕುಳಿತೆ. ಎಲ್ಲವನ್ನೂ ಬರೆದುಬಿಡುತ್ತೇನೆ. ಹೋದ ವರ್ಷ ಬ್ಯಾಂಕಿನವರು ಕಾರ್ಖಾನೆ ಗೇಟಿನ ಹತ್ತಿರ ಮೇಜು ಹಾಕಿಕೊಂಡು ಕುಳಿತಿದ್ದರು. ಖಾತೆಯಲ್ಲಿ ದುಡ್ಡು ಇಲ್ಲದಿದ್ದರೂ ಒಂದೂವರೆ ಲಕ್ಷದವರೆಗೆ ತೆಗೆಯಬಹುದು, ಓವರ್‌ಡ್ರಾಫ್ಟ್ ಅನ್ನುತ್ತಾರೆ, ಸಂಬಳದವರಿಗೆ ಮಾತ್ರ ಎಂದರು. ಸಹಿ ಹಾಕಿದೆ. ಅಮ್ಮನ ಕಣ್ಣಿನ ಆಪರೇಷನ್ನಿಗೆ ಕಾರ್ಖಾನೆ ಕೊಟ್ಟಿತು ಎಂದೆನಲ್ಲ, ಅದು ಸುಳ್ಳು. ಕೊಟ್ಟಿದ್ದು ಬ್ಯಾಂಕು. ಮೂವತ್ತೆರಡು ಸಾವಿರ ಸಾಲ ನಿಂತಿದೆ. ಪ್ರತಿ ತಿಂಗಳು ಸಂಬಳ ಬಿದ್ದ ಕೂಡಲೇ ಆ ಗುಂಡಿ ತುಂಬುತ್ತದೆ, ತಿಂಗಳ ಕೊನೆಗೆ ಮತ್ತೆ ಅಷ್ಟೇ ಆಳ. ಬಡ್ಡಿ ಬೇರೆ.

ನಿನ್ನ ಮುಂದೆ ಸಾಲಗಾರನಾಗಿ ನಿಲ್ಲಲು ಮನಸ್ಸಾಗಲಿಲ್ಲ. ಕೋಪವಿಲ್ಲ ಎಂದು ಬರೆದಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ

*

ಗಣಿ ಶಿಬಿರ, ಒಡಿಶಾ
25 ಜೂನ್ 2023

ಅರುಣಾ,

ಕಾಗದ ತಲುಪಿತು. ನಿನ್ನ ಕಾಯಿದೆಗೆ ಒಪ್ಪಿಗೆ.

ನಿನಗೆ ಗೊತ್ತಾದದ್ದು ಒಳ್ಳೆಯದೇ ಆಯಿತು. ಹೇಳಲು ನಾಚಿಕೆಯಾಗುತ್ತಿತ್ತು. ಇಬ್ಬರಿಗೂ ಗೊತ್ತಿದ್ದರೆ ಸಾಕು, ಅದನ್ನು ಬಿಡಿಸಿ ಮಾತಾಡುವುದು ಬೇಡ. ಅಮ್ಮನಿಗೆ ಮಾತ್ರ ತಿಳಿಯಬಾರದು. ನೀನು ಕೋಪ ಮಾಡಿಕೊಳ್ಳಲಿಲ್ಲವೆಂಬುದೇ ನನಗೆ ದೊಡ್ಡದು. ನಿನ್ನೆ ಡಂಪರಿನ ಕೆಳಗೆ ಮಲಗಿ ಕೆಲಸ ಮಾಡುತ್ತಾ ಸುಮ್ಮನೆ ನಗುತ್ತಿದ್ದೆನಂತೆ, ಹೆಲ್ಪರ್ ಕೇಳಿದ.

ಮನೆಯಲ್ಲಿ ನನಗೂ ಒಂದು ಕೋಣೆ ಇರಲಿ, ಚಿಕ್ಕದು, ಸ್ಪ್ಯಾನರ್ ತೂಗುಹಾಕುವಷ್ಟು ಗೋಡೆ ಸಾಕು. ಇಲ್ಲಿ ಮಳೆ ಶುರುವಾಗಿದೆ. ಮಣ್ಣಿನ ಬಣ್ಣ ಪೂರ್ತಿ ಕಪ್ಪು. ನಮ್ಮೂರ ಹಳೇ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ಬಿಳಿ ಕಣ್ಣು ಮುಚ್ಚಿದಾಗಲೆಲ್ಲ ಕಾಣುತ್ತದೆ.

ಮೂರ್ತಿ

*

ಊರಿಗಾಂ
9 ಆಗಸ್ಟ್ 2023

ರೀ,

ನಾಚಿಕೆಯಂತೆ! ನಿಮ್ಮಂಥ ಗಂಡಸರು ಇನ್ನೂ ಇದ್ದಾರೆ ಎಂದು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಬಿಡಿಸಿ ಮಾತಾಡುವುದು ಬೇಡ ಅಂದಿದ್ದೀರಿ, ಮಾತಾಡುವುದಿಲ್ಲ. ಆದರೆ ನಿಮ್ಮ ಗುಟ್ಟಿಗೆ ಸ್ವಲ್ಪ ಕೈ ಹಾಕಿದ್ದೇನೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಬೂದಿಕೋಟೆಯಲ್ಲಿ ವೆಂಕಟರಾಯಪ್ಪಣ್ಣ ಹೊಸ ಮನೆ ಒಕ್ಕಲು ಮಾಡಿದ. ನಮ್ಮ ಮದುವೆಗೆ ಅಣ್ಣ ಇಪ್ಪತ್ತು ಸಾವಿರ ಮುಯ್ಯಿ ಓದಿಸಿದ್ದ. ತಿರುಗಿಸುವಾಗ ಒಂದಿಷ್ಟು ಸೇರಿಸಿ ತಿರುಗಿಸಬೇಕಲ್ಲ, ಇಪ್ಪತ್ತೈದು ಬರೆಸಿದೆ. ಅಣ್ಣ ಬರೆಯುವವನ ಭುಜ ತಟ್ಟಿ, “ಗಟ್ಟಿಯಾಗ್ ಓದ್ಲಾ! ನಮ್ ಅರುಣಮ್ಮಿ ಗಂಡ ಏನ್ ಅಂದ್ಕಂಡಿದೀಯ?” ಅಂದ. ನಾಲ್ಕು ಜನ ತಿರುಗಿ ನೋಡಿದರು. ಸುಳ್ಳು ಹೇಳದೆ ಬರೆಯುತ್ತೇನೆ, ನನಗೆ ಆ ಕ್ಷಣ ಬಹಳ ಚೆನ್ನಾಗಿತ್ತು.

ಪ್ರೇರಣಾಳ ಶಾಲೆಯ ಫೀಸು ಇಪ್ಪತ್ತೆರಡು. ಇನ್ನು ಸೈಟಿಗೆ ಸುತ್ತಲೂ ಕಲ್ಲುಕೂಚದ ಕಂಬ ನೆಡಿಸಿ ತಂತಿ ಬೇಲಿ ಹಾಕಿಸಿದೆ, ಮೂವತ್ತೆಂಟು. ಬೇಲಿಯೊಳಗೆ ನಿಂತಾಗ ಮನೆ ಅರ್ಧ ಆದ ಹಾಗೇ ಅನ್ನಿಸಿತು. ನಿಮ್ಮ ಸ್ಪ್ಯಾನರ್ ಕೋಣೆಯನ್ನು ಹಿತ್ತಲ ಕಡೆಗೆ ಗೀಚಿದ್ದೇನೆ. ಬೆಳಿಗ್ಗೆ ಬಿಸಿಲು ಬರುತ್ತದೆ.

ಎಲ್ಲವೂ ನಿಮ್ಮಿಂದ.

ಅರುಣ

*

ಗಣಿ ಶಿಬಿರ, ಒಡಿಶಾ
27 ಆಗಸ್ಟ್ 2023

ಅರುಣಾ,

ನೀನು ದುಡ್ಡು ತೆಗೆದಾಗಲೆಲ್ಲ ನನ್ನ ಫೋನಿಗೆ ಸಂದೇಶ ಬರುತ್ತದೆ. ಬಂದಿತ್ತು.

ಗೊತ್ತಿದ್ದೂ ತೆಗೆದಿದ್ದೀಯ ಅಂದಮೇಲೆ ಬೇಕೇ ಬೇಕಾಗಿತ್ತು ಅಂದುಕೊಳ್ಳುತ್ತೇನೆ. ನಾನು ಶುರುಮಾಡಿದ್ದಕ್ಕೆ ನಿನ್ನನ್ನು ಕೇಳುವ ಬಾಯಿ ನನಗಿಲ್ಲ. ಬೇಲಿ ಈಗಲೇ ಬೇಕಿತ್ತಾ? ಸುಮ್ಮನೆ ಕೇಳಿದೆ.

ಇಲ್ಲಿ ಊಟ ಪರವಾಗಿಲ್ಲ. ರಾಗಿ ಸಿಗುವುದಿಲ್ಲ.

ಮೂರ್ತಿ

*

ಊರಿಗಾಂ
20 ಅಕ್ಟೋಬರ್ 2023

ರೀ,

ನಿಮ್ಮ ಹಿಂದಿನ ಕಾಗದ ಎಂಟು ಸಾಲು. ಬೇಲಿಯ ಮೇಲೆ ನಿಮಗೆ ಮುನಿಸು ಎಂದು ಗೊತ್ತಾಯಿತು. ನಿಮ್ಮನ್ನು ಕೇಳದೆ ಹಾಕಿಸಿದ್ದು ತಪ್ಪು, ಕೈ ಮುಗಿದೆ. ಅದಕ್ಕೇ ಈ ಸಲ ಕೇಳಿಯೇ ಮಾಡೋಣ ಎಂದು ಬರೆಯುತ್ತಿದ್ದೇನೆ.

ನೀವು ನನಗೆ ಗೊತ್ತಾಗದಂತೆ ಕೂಡಿಟ್ಟದ್ದರಲ್ಲಿ ಇನ್ನು ಮೂವತ್ತಮೂರು ಸಾವಿರ ಉಳಿದಿದೆ. ಮೊದಲ ಚೀಟಿಯಲ್ಲಿ ಒಂದು ಲಕ್ಷದ ಹದಿನೆಂಟು ಇತ್ತು. ಅದು ಈಗ ಮಾಸಿ ಖಾಲಿ ಕಾಗದ ಆಗಿದೆ, ಅಂಕಿ ಮಾತ್ರ ನನಗೆ ಬಾಯಿಪಾಠ. ಹನ್ನೊಂದು ವರ್ಷ ನಿಮ್ಮನ್ನು ಕೈ ತೂತಿನವರು ಎಂದು ಬೈದಿದ್ದೇನೆ. ಆ ದಿನ ಮೆಟ್ಟಿಲ ಮೇಲೆ ಕುಳಿತು ಬೈದಿದ್ದನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಂಡೆ. ಓವರ್‌ಟೈಮ್ ಮಾಡಿ, ಟೀ ಬಿಟ್ಟು, ಸದ್ದಿಲ್ಲದೆ ನನ್ನ ಮನೆಗೆ ಇಟ್ಟಿದ್ದಾರಲ್ಲ ಎಂದು.

ಮೇಸ್ತ್ರಿ ಹೇಳಿದ, ದೀಪಾವಳಿ ಕಳೆದ ಮೇಲೆ ಪಾಯ ತೋಡಬಹುದು, ಕೈಯಲ್ಲಿ ಮೂವತ್ತು ಇದ್ದರೆ ಶುರು ಎಂದು. ತೆಗೆಯಲಾ? ಹೂಂ ಅನ್ನಿ.

ನಿಮ್ಮ
ಅರುಣ

*

ಗಣಿ ಶಿಬಿರ, ಒಡಿಶಾ
31 ಅಕ್ಟೋಬರ್ 2023

ಅರುಣಾ,

ತೆಗೆಯಬೇಡ. ಒಂದು ರೂಪಾಯಿಯನ್ನೂ ತೆಗೆಯಬೇಡ.

ಅದು ನಾನು ಕೂಡಿಟ್ಟದ್ದಲ್ಲ. ಚೀಟಿಯಲ್ಲಿ ಬರುವುದು ಇನ್ನೆಷ್ಟು ತೆಗೆಯಬಹುದು ಎನ್ನುವ ಲೆಕ್ಕ. ಬ್ಯಾಂಕು ಕೊಟ್ಟ ಮಿತಿ ಒಂದೂವರೆ ಲಕ್ಷ. ಒಂದು ಲಕ್ಷದ ಹದಿನೆಂಟು ಅಂದರೆ ಮೂವತ್ತೆರಡು ಸಾಲ ಆಗಿತ್ತು. ಮೂವತ್ತಮೂರು ಉಳಿದಿದೆ ಅಂದರೆ ಒಂದು ಲಕ್ಷದ ಹದಿನೇಳು ಸಾವಿರ ನಾವು ಕೊಡಬೇಕು. ಬಡ್ಡಿ ನಿಲ್ಲುವುದಿಲ್ಲ.

ನಿನಗೆ ಗೊತ್ತು ಎಂದೇ ನಾನು ತಿಳಿದಿದ್ದೆ. ಸಂದೇಶ ಬಂದಾಗಲೆಲ್ಲ ಸಾಲ ಎಷ್ಟಾಯಿತೆಂದು ಲೆಕ್ಕ ಹಾಕುತ್ತಿದ್ದೆ. ನಿಮ್ಮಣ್ಣನ ಮುಂದೆ ಮಾನ ಉಳಿಸಲು ಸಾಲದ ದುಡ್ಡಿನಲ್ಲಿ ಮುಯ್ಯಿ ಮಾಡಿದಳಲ್ಲ ಎಂದು ನಿನ್ನ ಮೇಲೆ ಕೋಪವೂ ಬಂದಿತ್ತು. ಈಗ ಆ ಕೋಪ ನನ್ನನ್ನೇ ತಿನ್ನುತ್ತಿದೆ. ಜೂನಿನಲ್ಲಿ ಎಲ್ಲವನ್ನೂ ಬರೆದು ಕಳಿಸದೆ ಇಟ್ಟ ಕಾಗದ ಇದರ ಜೊತೆಯಲ್ಲಿದೆ. ಅದನ್ನು ಅಂಚೆಗೆ ಹಾಕಿದ್ದರೆ ಐದು ರೂಪಾಯಿ ಅಂಚೆಚೀಟಿಯಲ್ಲಿ ಮುಗಿಯುತ್ತಿತ್ತು.

ನಿನ್ನ ಮಾತಿನಲ್ಲಿ ನಾನು ಎಷ್ಟು ಒಳ್ಳೆಯವನಾಗಿದ್ದೆ ಎಂದು ಓದಿ ಅತ್ತುಬಿಟ್ಟೆ. ಟೀ ನಾನು ಬಿಟ್ಟಿಲ್ಲ ಅರುಣಾ.

ಮೂರ್ತಿ

*

ಊರಿಗಾಂ
4 ಜನವರಿ 2024

ಮೂರ್ತಿಯವರಿಗೆ,

ಎರಡು ತಿಂಗಳು ಬರೆಯಲಿಲ್ಲ. ನೀವು ಮೂರು ಕಾಗದ ಹಾಕಿದ್ದೀರಿ, ಮೂರನ್ನೂ ಒಡೆದಿಲ್ಲ. ಭಾನುವಾರ ಫೋನು ಬಂದಾಗ ನೀರು ಹಿಡಿಯಲು ಹೋಗುತ್ತಿದ್ದೆ. ನಲ್ಲಿಯಲ್ಲಿ ನೀರು ಬಾರದ ದಿನವೂ.

ಕೋಪ ಸಾಲಕ್ಕಲ್ಲ. ಅತ್ತೆಯ ಕಣ್ಣಿಗೆ ನನ್ನ ಬಳೆ ಕೇಳಿದ್ದರೂ ಬಿಚ್ಚಿಕೊಡುತ್ತಿದ್ದೆ. ಐದು ತಿಂಗಳು ಇಲ್ಲದ ಗಂಡನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸಂಸಾರ ಮಾಡಿದೆನಲ್ಲ, ಅದಕ್ಕೆ. ರೈಲಿನಲ್ಲಿ ಕಿಟಕಿ ಪಕ್ಕ ಕುಳಿತು ಅವನ ಜೊತೆ ಮಾತಾಡುತ್ತಿದ್ದೆ. ನೀವು ಅವನನ್ನು ಒಂದೇ ಪುಟದಲ್ಲಿ ತೆಗೆದುಬಿಟ್ಟಿರಿ.

ಕೇಳದೆ ತೆಗೆದವಳು ನಾನು, ಹೇಳದೆ ಇಟ್ಟವರು ನೀವು. ನಿಮ್ಮದು ಮೂವತ್ತೆರಡು, ನನ್ನದು ಎಂಬತ್ತೈದು. ಆ ಲೆಕ್ಕದಲ್ಲಿ ನಾನೇ ದೊಡ್ಡ ಸಾಲಗಾರ್ತಿ, ಅದೂ ನನಗೆ ಗೊತ್ತು. ಅಣ್ಣ ಗಟ್ಟಿಯಾಗಿ ಓದಿಸಿದ ಇಪ್ಪತ್ತೈದು ಈಗಲೂ ಕಿವಿಯಲ್ಲಿ ಕೇಳುತ್ತದೆ.

ಅತ್ತೆಗೆ ಹೇಳಿಬಿಟ್ಟೆ. ಗುಟ್ಟುಗಳು ಸಾಕಾಗಿವೆ. “ಕಾರ್ಖಾನೆಯೋರ್ ಕೊಟ್ಟವ್ರೆ ಅಂತಲ್ವಾ ಅವ್ನ್ ಏಳಿದ್ದು? ಸಾಲ ಮಾಡಿ ಕಣ್ ಕೊಡ್ಸವ್ನೆ. ಇನ್ಮ್ಯಾಲೆ ನಿಮ್ಮಿಬ್ರುನ್ನೂ ಕಣ್ ಬಿಟ್ಕಂಡು ನೋಡ್ಕಂತೀನಿ ಇರು” ಎಂದರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಅರುಣಕುಮಾರಿ

*

ಗಣಿ ಶಿಬಿರ, ಒಡಿಶಾ
17 ಜನವರಿ 2024

ಅರುಣಾ,

ಒಡೆಯದ ಮೂರು ಕಾಗದಗಳನ್ನು ಒಡೆಯಬೇಡ. ಮೂರರಲ್ಲೂ ಒಂದೇ ಮಾತಿದೆ, ತಪ್ಪಾಯಿತು ಎಂದು.

ನನಗೆ ಹೊಳೆಯುವುದು ಒಂದೇ ದಾರಿ. ಸೈಟು ಮಾರಿಬಿಡೋಣ. ಬಂಗಾರಪೇಟೆಯ ಆಂಜಿನಪ್ಪ ಎರಡು ವರ್ಷದಿಂದ ಕೇಳುತ್ತಿದ್ದಾನೆ, ಈಗ ಬೇಲಿಯೂ ಇದೆ. ಸಾಲ ತೀರಿ ಮಿಗುತ್ತದೆ. ಅದು ನಿನ್ನ ಅಮ್ಮ ಕೊಟ್ಟದ್ದು, ನಿನ್ನ ಹೆಸರಿನಲ್ಲಿದೆ, ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ, ಯಾಕೆಂದರೆ ಸಂಬಳ ಬರುವ ದಿನ ಹತ್ತಿರವಾದಂತೆ ನನಗೆ ಭಯವಾಗುತ್ತದೆ. ದುಡಿದದ್ದು ಕಣ್ಣೆದುರೇ ಮುಳುಗುತ್ತದೆ.

ಮೊನ್ನೆ ಮಧ್ಯಾಹ್ನ ನೀನು ಗೀಚಿದ ಮನೆಯನ್ನು ಕೆಲಸದ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದೆ. ಬರೆದು ರಬ್ಬರ್ ತೆಗೆದುಕೊಂಡು ಅಳಿಸಲು ಹೋದೆ. ಮೊದಲು ನನ್ನ ಕೋಣೆ ಅಳಿಸಿದೆ. ಅಡುಗೆಮನೆಯ ಕಿಟಕಿ ಅಳಿಸಲು ಆಗಲಿಲ್ಲ.

ಏನು ಮಾಡಬೇಕೋ ನೀನೇ ಹೇಳು.

ಮೂರ್ತಿ

*

ಊರಿಗಾಂ
10 ಮಾರ್ಚ್ 2024

ರೀ,

ಆಂಜಿನಪ್ಪ ಬಂದಿದ್ದರು. ಸೈಟಿನಲ್ಲಿ ಹೆಜ್ಜೆ ಹಾಕಿ ಅಳೆಯುತ್ತಾ ನನ್ನ ಅಡುಗೆಮನೆಯ ಮಧ್ಯೆ ನಿಂತು ಎಲೆಅಡಿಕೆ ಉಗಿದರು. ಅವರು ತಂದಿದ್ದ ಮುಂಗಡವನ್ನು ಅಲ್ಲಿಯವರೆಗೂ ತೆಗೆದುಕೊಳ್ಳುವವಳೇ ಇದ್ದೆ. “ನಾಳೆ ಬನ್ನಿ” ಎಂದು ಕಳಿಸಿ ರೈಲು ಹತ್ತಿದೆ. ಆಮೇಲೆ ನಾಳೆ ಬೇಡ ಎಂದು ಫೋನು ಮಾಡಿದೆ.

ಆ ವಾರವೆಲ್ಲ ನನಗೆ ಮಧ್ಯಾಹ್ನ ಮಲಗಿದರೆ ಒಂದೇ ಕನಸು. ಗಣಿಯೊಳಕ್ಕೆ ಇಳಿಸುವ ಲಿಫ್ಟಿನ ತೊಟ್ಟಿಲಲ್ಲಿ ಕುಳಿತು ಇಳಿಯುತ್ತಿದ್ದೇನೆ, ಪ್ರತಿ ಅಂತಸ್ತಿನಲ್ಲೂ ಒಂದು ಎಟಿಎಂ, ದೀಪ ಹತ್ತಿದೆ, ನಾನು ಇಳಿದು ತೆಗೆದು ಮತ್ತೆ ತೊಟ್ಟಿಲು ಹತ್ತುತ್ತೇನೆ. ಭಯವೇ ಇಲ್ಲ. ಎಚ್ಚರವಾದ ಮೇಲೆಯೇ ಭಯ. ಅತ್ತೆ ಈ ಕನಸನ್ನು ನಮ್ಮೂರ ನಂದಿದುರ್ಗ ಗಣಿಯಲ್ಲಿದ್ದ ಮುನಿಸ್ವಾಮಪ್ಪ ತಾತನಿಗೆ ಹೇಳಿದರು. ಇಪ್ಪತ್ತೆಂಟು ವರ್ಷ ಗಣಿ ಇಳಿದು ಹತ್ತಿದವರಲ್ಲವೇ, ಕನಸನ್ನೂ ಕೆಲಸದ ಲೆಕ್ಕದಲ್ಲೇ ಕೇಳಿಸಿಕೊಂಡರು. “ಗಣಿ ಮುಚ್ಚಿ ಪಂಪು ನಿಂತ್ಮ್ಯಾಲೆ ಏನಾತು ಗೊತ್ತೇನಮ್ಮ? ನೀರು ಮ್ಯಾಲಕ್ ಬಂತು. ಯಾರೂ ಎತ್ತಲಿಲ್ಲ. ತೆಗ್ಯೋದು ನಿಲ್ಸಿದ್ರು ಅಷ್ಟೇಯ. ನಿದಾನಕ್ಕೆ, ಒಂದೊಂದೇ ಅಂತಸ್ತು, ತಾನೇ ಬತ್ತೈತೆ” ಎಂದರು. ಕನಸಿಗೆ ಅರ್ಥ ಕೇಳಿದರೆ ಪಂಪಿನ ವಿಷಯ ಹೇಳುತ್ತಾರೆ ಎಂದು ನಗು ಬಂತು. ಮಾರನೆಯ ದಿನ ಎದ್ದು ಬ್ಯಾಂಕಿಗೆ ಹೋದೆ.

ಬ್ಯಾಂಕಿನ ಮೇಡಂ ಚಿಕ್ಕ ವಯಸ್ಸಿನವರು. ನಾನು ಡಬ್ಬ ತೆರೆದು ಮಾಸಿದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಇದನ್ನು ನಮ್ಮ ಯಜಮಾನರ ಉಳಿತಾಯ ಅಂದುಕೊಂಡಿದ್ದೆ ಮೇಡಂ ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಬಿಡಿಸಿ ಹೇಳಿದರು. ಒಂದೇ ಸಲ ತೀರಿಸಬೇಕಿಲ್ಲ. ಮಿತಿಯನ್ನೇ ತಿಂಗಳಿಗೆ ಎಂಟು ಸಾವಿರದಂತೆ ಕಡಿಮೆ ಮಾಡುತ್ತಾ ಬಂದರೆ ಆಯಿತು. ಈಗ ಬಡ್ಡಿ ಸೇರಿ ಸರಿಯಾಗಿ ಒಂದು ಲಕ್ಷದ ಇಪ್ಪತ್ತಕ್ಕೆ ಮಿತಿ ನಿಲ್ಲಿಸುತ್ತಾರೆ, ಏಪ್ರಿಲಿನಿಂದ ಇಳಿಸುತ್ತಾರೆ. ಹದಿನೈದು ತಿಂಗಳಿಗೆ ಸೊನ್ನೆ. ಬಡ್ಡಿಯನ್ನು ಆಯಾ ತಿಂಗಳೇ ಕಟ್ಟಬೇಕು. ಮನೆ ಖರ್ಚಿಗೆ ನನ್ನ ಹೆಸರಿನಲ್ಲಿ ಬೇರೆ ಖಾತೆ, ಸಂಬಳದ ದಿನವೇ ಅದಕ್ಕೆ ಇಷ್ಟು ಎಂದು ಹೋಗಬೇಕು, ಈ ಕಾರ್ಡನ್ನು ಮುಟ್ಟಬಾರದು. ಅರ್ಜಿಗೆ ನಿಮ್ಮ ಸಹಿ ಬೇಕು, ಇದರ ಜೊತೆ ಇಟ್ಟಿದ್ದೇನೆ. ಈ ಸಲ ಓದಿ ಸಹಿ ಹಾಕಿ.

ಪ್ರೇರಣಾ ಜೂನಿನಿಂದ ಇಲ್ಲೇ ಸರ್ಕಾರಿ ಶಾಲೆಗೆ. ನಡೆದುಕೊಂಡು ಹೋಗಬಹುದು ಎಂದು ಅವಳಿಗೆ ಖುಷಿ. ಸೈಟನ್ನು ಸೊಣ್ಣಪ್ಪನವರಿಗೆ ಬಾಡಿಗೆಗೆ ಕೊಟ್ಟೆ. ಅವರು ಸಿಮೆಂಟ್ ಇಟ್ಟಿಗೆ ಅಚ್ಚು ಹಾಕಿ ಮಾರುವವರು, ಒಣಗಿಸಲು ಬೇಲಿಯಿರುವ ಜಾಗ ಹುಡುಕುತ್ತಿದ್ದರು. ತಿಂಗಳಿಗೆ ಮೂರು ಸಾವಿರ. ನೀವು ಮುನಿಸಿಕೊಂಡ ಬೇಲಿಯೇ ಕೊಡಿಸುತ್ತಿದೆ, ನೋಡಿ.

ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಆದರೂ ಮೂರು ಕಾಗದ ಒಡೆದೆ. ಒಂದೇ ಮಾತು ಅಂದಿದ್ದಿರಿ, ಮೂರನೆಯದರಲ್ಲಿ ಇನ್ನೊಂದು ಮಾತೂ ಇತ್ತಲ್ಲ. ಅದನ್ನು ಡಬ್ಬದಲ್ಲಿ ಇಟ್ಟಿದ್ದೇನೆ.

ಅರುಣ

*

ಗಣಿ ಶಿಬಿರ, ಒಡಿಶಾ
21 ಮಾರ್ಚ್ 2024

ಅರುಣಾ,

ಎರಡು ಸಲ ಓದಿ ಸಹಿ ಹಾಕಿದ್ದೇನೆ. ಅರ್ಥವಾಗದ ಎರಡು ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ, ಮೇಡಂ ಹತ್ತಿರ ಕೇಳು.

ಊಟದ ಭತ್ಯೆಯಲ್ಲಿ ತಿಂಗಳಿಗೆ ನಾಲ್ಕು ಸಾವಿರ ಉಳಿಸಬಹುದು, ನಾವು ಮೂವರು ಸೇರಿ ಅಡುಗೆ ಮಾಡಿಕೊಳ್ಳುತ್ತಿದ್ದೇವೆ. ಊರಿಂದ ಬಂದವನೊಬ್ಬ ರಾಗಿಹಿಟ್ಟು ತಂದಿದ್ದ, ನನ್ನ ಮುದ್ದೆ ಕೋಲಿನಷ್ಟು ಗಟ್ಟಿ. ಟೀ ಈಗ ನಿಜವಾಗಿ ಬಿಟ್ಟೆ. ನೀನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಯಲ್ಲ, ಆ ಗಂಡನಿಗೆ ಸ್ವಲ್ಪ ಹತ್ತಿರ ಬಂದಿದ್ದೇನೆ ಎಂದುಕೊಳ್ಳುತ್ತೇನೆ. ರೈಲಿನಲ್ಲಿ ಅವನ ಪಕ್ಕ ಜಾಗ ಇದ್ದರೆ ಹೇಳು.

ಅಳಿಸಿದ ಕೋಣೆಯನ್ನು ಮತ್ತೆ ಬರೆದೆ.

ಮೂರ್ತಿ

*

ಊರಿಗಾಂ
26 ಮೇ 2024

ರೀ,

ಮೊನ್ನೆ ಬೂದಿಕೋಟೆಯಲ್ಲಿ ಅಣ್ಣನ ಮಗಳು ಶ್ರುತಿಯ ಮದುವೆ. ಹೋಗದಿರಲು ಸಾಧ್ಯವಿಲ್ಲ, ಹೋದರೆ ಮುಯ್ಯಿ ಮೇಜನ್ನು ದಾಟಿ ಬರಲು ಸಾಧ್ಯವಿಲ್ಲ. ರಾತ್ರಿಯೆಲ್ಲ ಯೋಚಿಸಿ ನೂರಾ ಒಂದು ರೂಪಾಯಿ ಅರಿಶಿನ ಹಚ್ಚಿದ ಕವರಿನಲ್ಲಿ ಇಟ್ಟುಕೊಂಡೆ.

ಬರೆಯುವವನು ಕವರು ಒಡೆದು ಪೆನ್ನು ಎತ್ತಿ ಹಿಡಿದುಬಿಟ್ಟ. ಅಣ್ಣ ಪಕ್ಕದಲ್ಲೇ ಇದ್ದ. “ಏನಮ್ಮಿ, ನೂರಾ ಒಂದಾ? ಇನ್ನೊಂದ್ ಕವರ್ ಮನೇಲೇ ಬಿಟ್ಟ್ ಬಂದ್ಯಾ?” ಎಂದ. ಹಿಂದೆ ಸಾಲಿನಲ್ಲಿ ಜನ. ಸುಳ್ಳು ನಾಲಿಗೆಯ ತುದಿಯಲ್ಲಿತ್ತು, ನಿಮ್ಮ ಮಗ್ಗುಲಿಗೇ ಬಂದು ನಿಂತಿದ್ದೆ ನೋಡಿ, ಅತ್ತೆಯ ಆಪರೇಷನ್ನಿನ ದಿನ ನೀವು ಹೇಗೆ ಸುಳ್ಳು ಹೇಳಿದಿರಿ ಎಂದು ಆಗ ಗೊತ್ತಾಯಿತು. ಎಷ್ಟು ಸುಲಭ ಅದು.

“ಇಲ್ಲ ಕಣಣ್ಣ. ಸಾಲ ಐತೆ. ಓದ್ಸಲ ಕೊಟ್ಟಿದ್ದೂ ಸಾಲದ್ ದುಡ್ಡೇ. ತೀರೋಗಂಟ ಇಷ್ಟೇ ಆಗೋದು” ಎಂದೆ.

ವಾಲಗದವರು ಅದೇ ಹೊತ್ತಿಗೆ ನಿಲ್ಲಿಸಬೇಕೇ! ಆಗ ನಿಮ್ಮ ತಾಯಿ ಮುಂದೆ ಬಂದು ಮೇಜಿನ ಮೇಲೆ ಕೈಯೂರಿ, “ಯಾಕ್ಲಾ ಪೆನ್ನು ಎತ್ಕಂಡೇ ಇದೀಯ? ಬರ್ಕಳಪ್ಪ. ಓದು, ಗಟ್ಟಿಯಾಗೇ ಓದು. ನಾರಾಯಣಮ್ಮನ ಸೊಸೆ ನೂರಾ ಒಂದು, ಸ್ವಂತದ್ದು!” ಅಂದರು. ಅವನು ಓದಿದ. ಅಣ್ಣನ ಮುಖ ಕೆಂಪಾಯಿತು. ಊಟದ ಹೊತ್ತಿಗೆ ಮಾತ್ರ ಬಂದು ನನ್ನ ಎಲೆಗೆ ತಾನೇ ಒಬ್ಬಟ್ಟು ಬಡಿಸಿ, “ಮೊದ್ಲೇ ಏಳ್ಬಾರ್ದಾ ಉಚ್ಚಿ. ನಾನೂ ಈ ಮದ್ವೆಗೆ ಎಷ್ಟ್ ಮಾಡಿದೀನಿ ಅಂತ ನಿಂಗೇನ್ ಗೊತ್ತು” ಎಂದು ಮೆಲ್ಲಗೆ ಹೇಳಿ ಹೋದ. ಅವನ ಹೊಸ ಮನೆಯ ಬಣ್ಣ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಭುಜದ ಮೇಲೆ ನಿದ್ದೆ ಮಾಡಿದರು. ನನಗೆ ಬಹಳ ಹಗುರವಾಗಿತ್ತು. ಅವರಿಗೆ ಇಳಿಯುವವರೆಗೂ ಎಚ್ಚರವಾಗಲಿಲ್ಲ.

ನಿಮ್ಮ
ಅರುಣ

*

ಗಣಿ ಶಿಬಿರ, ಒಡಿಶಾ
15 ಡಿಸೆಂಬರ್ 2024

ಅರುಣಾ,

ನಲವತ್ತೆಂಟು ಸಾವಿರ ಉಳಿದಿದೆ. ಅರ್ಧಕ್ಕಿಂತ ಮೇಲೆ ಬಂದಿದ್ದೇವೆ.

ಇಲ್ಲಿ ಒಂಬತ್ತು ತಿಂಗಳಿಂದ ನನ್ನ ಫೋನಿಗೆ ದುಡ್ಡು ತೆಗೆದ ಸಂದೇಶ ಒಂದೂ ಬಂದಿಲ್ಲ. ಮೊದಲೆಲ್ಲ ಬಂದರೆ ಭಯ. ಈಗ ಬಾರದಿದ್ದರೆ ನಿನ್ನ ನೆನಪು. ನೀನು ದುಡ್ಡು ತೆಗೆಯದೆ ಮನೆ ನಡೆಸುತ್ತಿರುವ ಸದ್ದು ಅದು ಎಂದು ತಿಳಿಯುತ್ತೇನೆ.

ಬೆಳಿಗ್ಗೆ ಮಂಜಿನಲ್ಲಿ ಡಂಪರುಗಳು ಕಾಣುವುದಿಲ್ಲ, ದೀಪ ಮಾತ್ರ ಮೇಲಕ್ಕೆ ಹತ್ತುತ್ತಾ ಬರುತ್ತದೆ. ನೋಡುತ್ತಾ ನಿಂತರೆ ಎಲ್ಲಿದ್ದೇನೆಂದು ಮರೆತುಹೋಗುತ್ತದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ರೈಲು ಹೀಗೇ ಕಾಣುತ್ತದೇನೋ. ಆ ಕಿಟಕಿಗೆ ಕಂಬಿ ಅಡ್ಡ ಬೇಡ, ನೆಟ್ಟಗೆ ಇರಲಿ.

ಮೂರ್ತಿ

*

ಬಂಗಾರಪೇಟೆ, ನಮ್ಮ ಸೈಟು
3 ಜುಲೈ 2025

ರೀ,

ಈ ಕಾಗದವನ್ನು ಸೈಟಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಸಂಜೆ ಐದೂವರೆ. ಪ್ರೇರಣಾ ತನ್ನ ಕೋಣೆಯಲ್ಲಿದ್ದಾಳೆ, ಅತ್ತೆ ಜಗಲಿಯಲ್ಲಿ ಕುಳಿತು ಅವರೆಕಾಯಿ ಕಾಲವಲ್ಲದ ಕಾಲದಲ್ಲಿ ಅವರೆಕಾಯಿ ಸಾರಿನ ಆಸೆ ಮಾತಾಡುತ್ತಿದ್ದಾರೆ. ಹುಚ್ಚು ಹಿಡಿಯಿತೇ ಎಂದು ಹೆದರಬೇಡಿ.

ಹೋದ ಮಳೆಗಾಲದಲ್ಲಿ ಸೊಣ್ಣಪ್ಪನವರಿಗೆ ಎರಡು ತಿಂಗಳು ವ್ಯಾಪಾರ ನಿಂತಿತ್ತು. ಬಾಡಿಗೆ ಕೊಡಲಾಗಲಿಲ್ಲ. ನಿಮಗೆ ಬರೆಯಲಿಲ್ಲ, ಕಂತು ತಪ್ಪುತ್ತದೆಂದು ನೀವು ಅಲ್ಲಿ ಊಟ ಬಿಡುತ್ತೀರಿ ಎಂದು. ಇದು ನನ್ನ ಕೊನೆಯ ಗುಟ್ಟು. ಆ ಎರಡು ತಿಂಗಳು ಅತ್ತೆ ತಮ್ಮ ಪಿಂಚಣಿಯ ಗಂಟು ಬಿಚ್ಚಿದರು. “ನನ್ ಕಣ್ಣಿನ್ ಸಾಲ ನಾನೂ ಒಸಿ ತೀರುಸ್ತೀನಿ ಬಿಡು” ಎಂದರು. ಸೊಣ್ಣಪ್ಪ ಬಾಡಿಗೆಯ ಬದಲಿಗೆ ನೂರೈವತ್ತು ಇಟ್ಟಿಗೆ ಬಿಟ್ಟರು. ಅವು ಮೂಲೆಯಲ್ಲಿ ಹುಲ್ಲು ಬೆಳೆದು ಬಿದ್ದಿದ್ದವು. ಹೋದ ತಿಂಗಳ ಕೊನೆಗೆ ಅವರು ತಮ್ಮ ಅಚ್ಚು, ಮರಳು ಎಲ್ಲ ಎತ್ತಿಕೊಂಡು ಹೊಸ ಜಾಗಕ್ಕೆ ಹೋದರು. ಸೈಟು ಖಾಲಿಯಾಯಿತು.

ಮೊನ್ನೆ ನಾನು, ಪ್ರೇರಣಾ ಆ ಇಟ್ಟಿಗೆಗಳನ್ನು ಎಳೆದು ತಂದು, ಅಳಿಸಿಹೋಗಿದ್ದ ಮನೆಯನ್ನು ಮತ್ತೆ ಗೀಚಿ, ಆ ಗೆರೆಯ ಮೇಲೆ ಒಂದರ ಪಕ್ಕ ಒಂದು ಇಟ್ಟೆವು. ಸಿಮೆಂಟಿಲ್ಲ, ಪಾಯವಿಲ್ಲ, ಸುಮ್ಮನೆ ನೆಲದ ಮೇಲೆ. ಸುತ್ತುಗೋಡೆಗೆ ಸಾಕಾಯಿತು, ಅಡುಗೆಮನೆಗೆ ಸಾಕಾಯಿತು, ಎರಡು ಕೋಣೆಗೂ ಆಯಿತು. ಕೊನೆಗೆ ಹತ್ತೇ ಉಳಿದವು. ನಿಮ್ಮ ಸ್ಪ್ಯಾನರ್ ಕೋಣೆಗೆ ಮೂರು ಗೋಡೆ ಇದೆ, ನಾಲ್ಕನೆಯದನ್ನು ನೀವೇ ತರಬೇಕು. ಎಲ್ಲವೂ ಒಂದು ಇಟ್ಟಿಗೆಯಷ್ಟು ಎತ್ತರ. ಅಡುಗೆಮನೆಯಲ್ಲಿ ಕಾಲು ಚಾಚಿ ಕುಳಿತಿದ್ದೇನೆ. ಈಗ ತಾನೇ ಮಾರಿಕುಪ್ಪಂ ರೈಲು ಹೋಯಿತು. ಕಿಟಕಿ ಇಲ್ಲದಿದ್ದರೂ ಕಿಟಕಿ ಇರುವ ಕಡೆಯಿಂದಲೇ ನೋಡಿದೆ.

ಬೆಳಿಗ್ಗೆ ಬ್ಯಾಂಕಿಗೆ ಹೋಗಿದ್ದೆ. ಮೇಡಂ ಎದ್ದು ನಿಂತು ಕೈ ಕುಲುಕಿದರು. ಓವರ್‌ಡ್ರಾಫ್ಟ್ ಮುಚ್ಚಿದೆ ಎನ್ನುವ ಪತ್ರ ಕೊಟ್ಟರು, ಅದನ್ನು ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ, ಕೊಡುವುದಿಲ್ಲವಂತೆ. ಆಮೇಲೆ ಅದೇ ಎಟಿಎಂಗೆ ಹೋಗಿ, ಅದೇ ಕಾರ್ಡು ಹಾಕಿ, ದುಡ್ಡು ತೆಗೆಯದೆ ಬರೀ ಚೀಟಿ ತೆಗೆದೆ. ಅದೇ ಮೆಟ್ಟಿಲ ಮೇಲೆ ಕುಳಿತು ಓದಿದೆ. ನಾನೂರ ಹನ್ನೆರಡು ರೂಪಾಯಿ.

ಅಳು ಬಂತು. ಒಂದು ಲಕ್ಷದ ಹದಿನೆಂಟು ಸಾವಿರ ಓದಿದ ದಿನ ಇಷ್ಟು ಸಂತೋಷವಾಗಿರಲಿಲ್ಲ. ಇದು ನಮ್ಮದು. ನೀವು ಕೂಡಿಟ್ಟದ್ದು, ನಾನು ತೆಗೆಯದೆ ಬಿಟ್ಟದ್ದು. ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ನಿಮ್ಮ ಕೈಗೆ ಬರುವಷ್ಟರಲ್ಲಿ ಮಾಸಬಾರದು ಎಂದು ಅಂಕಿಯ ಮೇಲೆ ಪೆನ್ನಿನಲ್ಲಿ ಒತ್ತಿ ತಿದ್ದಿದ್ದೇನೆ.

ಎರಡು ವರ್ಷದ ಮೇಲೆ ಎರಡು ತಿಂಗಳು ಹೆಚ್ಚಾಗಿ, ಅಂತೂ ಇಪ್ಪತ್ತಕ್ಕೆ ಬಿಡುಗಡೆ ಎಂದು ಭಾನುವಾರ ಹೇಳಿದಿರಲ್ಲ. ರೈಲು ಇಳಿದು ನೇರ ಊರಿಗಾಂಗೆ ಬರಬೇಡಿ. ಬಂಗಾರಪೇಟೆಯಲ್ಲೇ ಇಳಿಯಿರಿ, ನಾವು ಮೂವರೂ ಇಲ್ಲಿ ಇರುತ್ತೇವೆ. ದೂರದಿಂದಲೇ ಕಾಣುತ್ತೇವೆ, ಮರೆ ಮಾಡುವಷ್ಟು ಗೋಡೆ ಇನ್ನೂ ಬೆಳೆದಿಲ್ಲ. ಆತುರ ಬಿದ್ದು ಅಡ್ಡ ಬರುತ್ತೀರಿ, ನನಗೆ ಗೊತ್ತು. ಪೂರ್ವಕ್ಕೆ ಎರಡು ಇಟ್ಟಿಗೆಯಷ್ಟು ಜಾಗ ಬಿಟ್ಟಿದ್ದೇವೆ, ಅಲ್ಲಿ ಅತ್ತೆ ರಂಗೋಲಿ ಹಾಕಿದ್ದಾರೆ.

ಗೋಡೆ ದಾಟಿ ಬರಬೇಡಿ. ಬಾಗಿಲಿಂದ ಬನ್ನಿ.

ನಿಮ್ಮ
ಅರುಣ